ಹಗ್ಗ ಬಿಟ್ಟ ಕೈಗಳು

ಮನುಷ್ಯನು ಮನುಷ್ಯನನ್ನು ಕೈಬಿಡುವುದು ಯಾವಾಗ ಅನಿವಾರ್ಯ, ಯಾವಾಗ ಅಪರಾಧ? ನೆಮ್ಮದಿಯ ದಿನಗಳಲ್ಲಿ ಈ ಪ್ರಶ್ನೆಗೆ ಉತ್ತರ ಹೇಳುವುದು ಸುಲಭ. ಅಪಾಯವು ಹೊಸ್ತಿಲಿಗೆ ಬಂದು ನಿಂತಾಗ, ಇಬ್ಬರಲ್ಲಿ ಒಬ್ಬರಿಗಷ್ಟೇ ಬದುಕುವ ಅವಕಾಶವಿದೆ ಎಂದು ತೋರಿದಾಗ, ಅದೇ ಉತ್ತರ ನಾಲಿಗೆಯಲ್ಲಿ ತಡವರಿಸುತ್ತದೆ. "ನಾನೇನು ಮಾಡಲಿ, ಬೇರೆ ದಾರಿಯೇ ಇರಲಿಲ್ಲ" ಎಂಬ ಮಾತು ಲೋಕದಲ್ಲಿ ಅತಿ ಹೆಚ್ಚು ಬಳಕೆಯಾದ ಸಮರ್ಥನೆಗಳಲ್ಲಿ ಒಂದು. ಕೆಲವೊಮ್ಮೆ ಅದು ಸತ್ಯ. ಹಲವೊಮ್ಮೆ ಅದು ಸತ್ಯದ ವೇಷ ತೊಟ್ಟ ಭಯ. ಇವೆರಡನ್ನೂ ಬೇರ್ಪಡಿಸಿ ನೋಡುವ ಬಗೆ ಯಾವುದು ಎಂದು ಆಲೋಚಿಸುವವರಿಗೆ, ಇನ್ನೂರು ವರ್ಷಗಳಿಗೂ ಹಿಂದೆ ಆಫ್ರಿಕಾದ ಪಶ್ಚಿಮ ಕರಾವಳಿಯಲ್ಲಿ ಕಳೆದುಹೋದ 'ಮೆಡೂಸಾ' ಎಂಬ ಫ್ರೆಂಚ್ ಯುದ್ಧನೌಕೆಯ ಚರಿತ್ರೆ ಒಂದು ಕಠಿಣವಾದ ಪಾಠವನ್ನು ಇಟ್ಟುಹೋಗಿದೆ.

ಅನರ್ಹನ ಕೈಯಲ್ಲಿ ಚುಕ್ಕಾಣಿ

ಮೆಡೂಸಾ 1810ರಲ್ಲಿ ನೀರಿಗಿಳಿದ ಹಾಯಿಹಡಗು. ಫ್ರಿಗೇಟ್ ವರ್ಗದ ವೇಗದ ಯುದ್ಧನೌಕೆ. ನೆಪೋಲಿಯನ್ನನ ಯುದ್ಧಗಳು ಮುಗಿದು, ಹದಿನೆಂಟನೆಯ ಲೂಯಿ ದೊರೆ ಫ್ರಾನ್ಸಿನ ಸಿಂಹಾಸನಕ್ಕೆ ಮರಳಿದ್ದ ಕಾಲವದು. ಶಾಂತಿ ಒಪ್ಪಂದದಂತೆ ಬ್ರಿಟಿಷರು ಸೆನೆಗಾಲ್ ವಸಾಹತನ್ನು ಫ್ರಾನ್ಸಿಗೆ ಹಿಂದಿರುಗಿಸಬೇಕಾಗಿತ್ತು. ಅದನ್ನು ವಹಿಸಿಕೊಳ್ಳಲು ಹೊರಟ ಗವರ್ನರ್ ಶ್ಮಾಲ್ಟ್ಸ್, ಆತನ ಕುಟುಂಬ, ಅಧಿಕಾರಿಗಳು, ಸೈನಿಕರು ಮತ್ತು ನಾವಿಕರೆಲ್ಲ ಸೇರಿ ಸುಮಾರು 400 ಮಂದಿ ಈ ಹಡಗನ್ನು ಏರಿದ್ದರು. 1816ರ ಜೂನ್ 17ರಂದು ಮೆಡೂಸಾ ಇನ್ನು ಮೂರು ಹಡಗುಗಳೊಂದಿಗೆ ಫ್ರಾನ್ಸಿನ ತೀರವನ್ನು ಬಿಟ್ಟಿತು.

ಹಡಗಿನ ಕಪ್ತಾನ ಶೋಮಾರೆ ಶ್ರೀಮಂತ ಮನೆತನದವನು. ಫ್ರಾನ್ಸಿನ ಮಹಾಕ್ರಾಂತಿಯ ಸಮಯದಲ್ಲಿ ದೇಶ ಬಿಟ್ಟುಹೋಗಿದ್ದವನು. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಯಾವ ಹಡಗನ್ನೂ ನಡೆಸಿರಲಿಲ್ಲ. ಅರಸುಮನೆತನದ ಮೇಲಿನ ನಿಷ್ಠೆಯೇ ಅವನಿಗೆ ಈ ಹುದ್ದೆಯನ್ನು ದೊರಕಿಸಿಕೊಟ್ಟಿತ್ತು. ಅನುಭವಿಗಳಾದ ತನ್ನ ಕೈಕೆಳಗಿನ ಅಧಿಕಾರಿಗಳ ಮಾತನ್ನು ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಬದಲಾಗಿ, ಆ ಸಮುದ್ರಭಾಗವನ್ನು ಬಲ್ಲೆನೆಂದು ಹೇಳಿಕೊಂಡ ರಿಶ್‌ಫೋರ್ ಎಂಬ ಪ್ರಯಾಣಿಕನನ್ನು ನೆಚ್ಚಿಕೊಂಡನು. ಬೇಗ ಮುಟ್ಟುವ ಆತುರದಲ್ಲಿ ಮೆಡೂಸಾ ಜೊತೆಯ ಹಡಗುಗಳನ್ನು ಹಿಂದೆ ಬಿಟ್ಟು ಒಂಟಿಯಾಗಿ ಮುನ್ನುಗ್ಗಿತು.

ಇಂದಿನ ಮಾರಿಟಾನಿಯಾ ದೇಶದ ತೀರದಾಚೆ ಆರ್ಗ್ವೆನ್ ಎಂಬ ವಿಶಾಲವಾದ ಮರಳದಿಬ್ಬ ನೀರಿನಡಿಯಲ್ಲಿ ಹರಡಿಕೊಂಡಿದೆ. ಅದನ್ನು ಬಳಸಿಕೊಂಡು ದೂರದಿಂದ ಸಾಗಬೇಕೆಂಬುದು ನಾವಿಕರೆಲ್ಲ ತಿಳಿದಿದ್ದ ಸಂಗತಿ. ಜುಲೈ 2ರಂದು ನೀರಿನ ಬಣ್ಣ ಬದಲಾಯಿತು. ಪಾಚಿಯ ಎಳೆಗಳು ತೇಲಿಬಂದವು. ಆಳ ಅಳೆಯುವ ಗುಂಡನ್ನು ಇಳಿಬಿಟ್ಟಾಗ ಮೊದಲು 18 ಮಾರು, ಬಳಿಕ 6 ಮಾರು ಎಂದು ತೋರಿತು. ಅಷ್ಟರಲ್ಲಿ ಸಮಯ ಮೀರಿತ್ತು. ಆ ದಿನ ಮಧ್ಯಾಹ್ನ, ಶಾಂತವಾದ ಹವೆಯಲ್ಲಿ, ಯಾವ ಬಿರುಗಾಳಿಯೂ ಇಲ್ಲದಾಗ, ಮೆಡೂಸಾ ಮರಳಿನಲ್ಲಿ ಹೂತು ನಿಂತಿತು. ಹಡಗನ್ನು ಹಗುರಗೊಳಿಸಲು ಭಾರವಾದ ಫಿರಂಗಿಗಳನ್ನು ಸಮುದ್ರಕ್ಕೆಸೆಯಬಹುದಾಗಿತ್ತು. ಕಪ್ತಾನನು ಅದಕ್ಕೆ ಒಪ್ಪಲಿಲ್ಲ.

ತೆಪ್ಪವೂ ಹಗ್ಗವೂ

ಹಡಗಿನಲ್ಲಿದ್ದ ದೋಣಿಗಳು ಆರು. ಅವುಗಳಲ್ಲಿ ಎಲ್ಲರಿಗೂ ಸ್ಥಳವಿರಲಿಲ್ಲ. ಆದ್ದರಿಂದ ಹಾಯಿಕಂಬಗಳನ್ನೂ ಹಲಗೆಗಳನ್ನೂ ಹಗ್ಗಗಳಿಂದ ಬಿಗಿದು, ಸುಮಾರು 20 ಮೀಟರ್ ಉದ್ದ, 7 ಮೀಟರ್ ಅಗಲದ ಒಂದು ತೆಪ್ಪವನ್ನು ಕಟ್ಟಲಾಯಿತು. ಜುಲೈ 5ರಂದು, ಗಾಳಿಯ ಹೊಡೆತಕ್ಕೆ ಹಡಗು ಒಡೆಯತೊಡಗಿದಾಗ, 147 ಮಂದಿಯನ್ನು ಅದರ ಮೇಲೆ ಇಳಿಸಲಾಯಿತು. ಅವರಲ್ಲಿ ಹೆಚ್ಚಿನವರು ಸಾಮಾನ್ಯ ಸೈನಿಕರು. ಒಬ್ಬಳು ಹೆಂಗಸೂ ಇದ್ದಳು. ಗವರ್ನರ್, ಕಪ್ತಾನ ಮತ್ತು ಹಿರಿಯ ಅಧಿಕಾರಿಗಳಲ್ಲಿ ಹೆಚ್ಚಿನವರು ದೋಣಿಗಳಲ್ಲಿ ಆಸನ ಹಿಡಿದರು. ತೆಪ್ಪದ ಹೊಣೆ ಬಿದ್ದದ್ದು ಕಾಲಿಗೆ ಗಾಯವಾಗಿದ್ದ ಕುದೆಂ ಎಂಬ ಕಿರಿಯ ಅಧಿಕಾರಿಯ ಮೇಲೆ. ಜನರ ಭಾರಕ್ಕೆ ತೆಪ್ಪವು ಕುಸಿದು, ಅದರ ಮೇಲೆ ನಿಂತವರು ನೀರಿನಲ್ಲೇ ನಿಲ್ಲಬೇಕಾಯಿತು. ಅವರಿಗೆ ದೊರೆತದ್ದು ಒಂದು ಚೀಲ ಬಿಸ್ಕತ್ತು, ಎರಡು ಪೀಪಾಯಿ ನೀರು, ಕೆಲವು ಪೀಪಾಯಿ ದ್ರಾಕ್ಷಾರಸ. ಹುಟ್ಟಿಲ್ಲ, ಚುಕ್ಕಾಣಿಯಿಲ್ಲ. ಅವರ ಪಾಲಿನ ಭರವಸೆ ಒಂದೇ: ದೋಣಿಗಳು ಹಗ್ಗ ಕಟ್ಟಿ ತೆಪ್ಪವನ್ನು ದಡದವರೆಗೂ ಎಳೆದೊಯ್ಯುತ್ತವೆ ಎಂಬ ಮಾತು.

ಈ ಮಾತನ್ನು ನಂಬಿಯೇ ಅವರು ತೆಪ್ಪಕ್ಕೆ ಇಳಿದಿದ್ದರು ಎಂಬುದನ್ನು ನಾವು ಮರೆಯಬಾರದು. ಅವರು ಅಲ್ಲಿ ನಿಂತದ್ದು ವಿಧಿವಶದಿಂದಲ್ಲ. ಮಾತು ಕೊಟ್ಟವರ ಆದೇಶದಿಂದ.

ದೋಣಿಗಳು ಸಾಲಾಗಿ ನಿಂತು ಎಳೆಯತೊಡಗಿದವು. ತೆಪ್ಪವು ಮುಂದೆ ಸರಿದದ್ದು ಅಲ್ಪ. ಸ್ವಲ್ಪ ಹೊತ್ತಿನಲ್ಲೇ ಒಂದರ ಹಿಂದೆ ಒಂದು ಹಗ್ಗಗಳು ಸಡಿಲಗೊಂಡವು. ಕೊನೆಯದಾಗಿ ಗವರ್ನರನ ದೋಣಿಗೂ ತೆಪ್ಪಕ್ಕೂ ನಡುವೆ ಇದ್ದ ಹಗ್ಗವೂ ಹೋಯಿತು. ಅದು ತಾನಾಗಿ ತುಂಡಾಯಿತೆಂದು ಕೆಲವರೆಂದರು. ಬೇಕೆಂದೇ ಬಿಡಲಾಯಿತೆಂದು ತೆಪ್ಪದಲ್ಲಿ ಬದುಕುಳಿದವರು ಬರೆದರು. ಹಗ್ಗ ತಾನಾಗಿ ತುಂಡಾಗಿದ್ದರೆ ಅದನ್ನು ಮತ್ತೆ ಕಟ್ಟಬಹುದಾಗಿತ್ತು. ಯಾರೂ ಕಟ್ಟಲಿಲ್ಲ. ದೋಣಿಗಳು ಹಾಯಿಯೇರಿಸಿ ದಡದತ್ತ ಹೊರಟುಹೋದವು. ತೆಪ್ಪದ ಮೇಲಿದ್ದವರು ಮೊದಲಿಗೆ ತಮ್ಮ ಕಣ್ಣುಗಳನ್ನೇ ನಂಬಲಿಲ್ಲವಂತೆ.

ಅಂದು ನಡೆದದ್ದು ಇಷ್ಟೇ ಆಗಿದ್ದರೆ ಇದು ಕೇವಲ ಹೇಡಿತನದ ಕತೆಯಾಗುತ್ತಿತ್ತು. ಆದರೆ ಅದೇ ದಿನ, ಅದೇ ಸಮುದ್ರದಲ್ಲಿ ಇನ್ನೊಂದು ಘಟನೆಯೂ ನಡೆಯಿತು. ಒಡೆಯುತ್ತಿದ್ದ ಹಡಗಿನಲ್ಲಿ ಇನ್ನೂ ಅನೇಕರು ಉಳಿದಿದ್ದರು. ಕಪ್ತಾನನು ಅವರನ್ನು ಬಿಟ್ಟು ಮೊದಲೇ ದೋಣಿಗಿಳಿದಿದ್ದನು. ಎಸ್ಪಿಯೋ ಎಂಬ ಅಧಿಕಾರಿ ತನ್ನ ದೋಣಿಯನ್ನು ತಿರುಗಿಸಿ ಹಡಗಿಗೆ ಬಂದು, ಹತ್ತಬಯಸಿದವರನ್ನೆಲ್ಲ ಅದರೊಳಗೆ ತುಂಬಿಕೊಂಡನು. 17 ಮಂದಿ ಮಾತ್ರ ಹಡಗಿನಲ್ಲೇ ಉಳಿದರು. ಕಿಕ್ಕಿರಿದ ತನ್ನ ದೋಣಿಯಿಂದ ಕೆಲವರನ್ನು ತೆಗೆದುಕೊಳ್ಳಿರೆಂದು ಅವನು ಇತರ ದೋಣಿಗಳನ್ನು ಕೇಳಿಕೊಂಡನು, ಅವರು ಒಪ್ಪಲಿಲ್ಲ. ಎಸ್ಪಿಯೋಗೂ ಭಯವಿತ್ತು, ಅವನ ದೋಣಿಗೂ ಮುಳುಗುವ ಅಪಾಯವಿತ್ತು. ಆದರೂ ಅವನು ಹಿಂದಿರುಗಿದನು. ಬೇರೆ ದಾರಿ ಇರಲಿಲ್ಲವೆಂಬ ಮಾತನ್ನು ಕೇಳಿದಾಗಲೆಲ್ಲ ಈ ಒಂದು ದೋಣಿಯನ್ನು ನೆನೆಯಬೇಕಾಗುತ್ತದೆ.

ಕೈಬಿಡಲ್ಪಟ್ಟವರು ಕೈಬಿಟ್ಟಾಗ

ತೆಪ್ಪದ ಮೇಲಿನ ಹದಿಮೂರು ದಿನಗಳ ಕತೆಯನ್ನು ವಿವರವಾಗಿ ಹೇಳುವುದು ಇಲ್ಲಿ ಅಗತ್ಯವಿಲ್ಲ. ಬಿಸ್ಕತ್ತು ಮೊದಲ ದಿನವೇ ಮುಗಿಯಿತು. ಮೊದಲ ರಾತ್ರಿಯೇ ಸುಮಾರು ಇಪ್ಪತ್ತು ಮಂದಿ ಅಲೆಗಳ ಪಾಲಾದರು. ಮುಂದಿನ ರಾತ್ರಿಗಳಲ್ಲಿ ಹಸಿವು, ಬಾಯಾರಿಕೆ, ಮದ್ಯದ ಅಮಲು ಹಾಗೂ ಹತಾಶೆ ಸೇರಿ ಭೀಕರ ಕಾದಾಟಗಳು ನಡೆದವು. ನೀರಿನ ಪೀಪಾಯಿಗಳು ಕಡಲಿಗೆ ಬಿದ್ದವು. ನಾಲ್ಕನೆಯ ದಿನಕ್ಕೆ ಉಳಿದವರು ಅರ್ಧಕ್ಕಿಂತಲೂ ಕಡಿಮೆ. ಬದುಕಿದ್ದವರು ಸತ್ತವರ ದೇಹಗಳನ್ನು ತಿನ್ನುವ ಸ್ಥಿತಿಗೆ ಇಳಿದರು.

ಒಂದು ವಾರ ಕಳೆಯುವ ಹೊತ್ತಿಗೆ ಮೂವತ್ತಕ್ಕೂ ಕಡಿಮೆ ಮಂದಿ ಜೀವದಿಂದಿದ್ದರು. ಅವರಲ್ಲಿ ಹಲವರು ಗಾಯಗೊಂಡು, ಜ್ವರದಿಂದ ನರಳುತ್ತ, ಸಾವಿನ ಅಂಚಿನಲ್ಲಿದ್ದರು. ಶಕ್ತಿ ಉಳಿದಿದ್ದವರು ಸೇರಿ ಆಲೋಚಿಸಿದರು. ದ್ರಾಕ್ಷಾರಸ ಇನ್ನು ಕೆಲವೇ ದಿನಗಳಿಗೆ ಸಾಲುತ್ತಿತ್ತು. ಸಾಯುವವರಿಗೂ ಪಾಲು ಕೊಟ್ಟರೆ ಬದುಕಬಲ್ಲವರೂ ಸಾಯುತ್ತಾರೆ ಎಂಬ ಲೆಕ್ಕ ಹಾಕಿದರು. ದುರ್ಬಲರನ್ನು ಸಮುದ್ರಕ್ಕೆ ನೂಕಲಾಯಿತು. ಉಳಿದವರು 15 ಮಂದಿ. ಆ ಕೃತ್ಯದ ಬಳಿಕ ಅವರು ತಮ್ಮ ಆಯುಧಗಳನ್ನೂ ಸಮುದ್ರಕ್ಕೆ ಎಸೆದರೆಂದೂ, ಹಗ್ಗವನ್ನೋ ಮರವನ್ನೋ ಕಡಿಯಬೇಕಾದಾಗ ಬೇಕೆಂದು ಒಂದು ಖಡ್ಗವನ್ನು ಮಾತ್ರ ಉಳಿಸಿಕೊಂಡರೆಂದೂ ಬದುಕುಳಿದವರೇ ದಾಖಲಿಸಿದ್ದಾರೆ. ತಾವು ಮಾಡಿದ್ದನ್ನು ಕಂಡು ತಮಗೇ ಉಂಟಾದ ಭೀತಿಯನ್ನು ಈ ಒಂದು ಸಂಗತಿಯೇ ಹೇಳುತ್ತದೆ.

ಈ ಚರಿತ್ರೆಯ ಅತ್ಯಂತ ಕಹಿಯಾದ ಭಾಗ ಇದು. ದೋಣಿಯಲ್ಲಿದ್ದವರು ಯಾವ ಲೆಕ್ಕದಿಂದ ಹಗ್ಗ ಬಿಟ್ಟರೋ, ತೆಪ್ಪದಲ್ಲಿದ್ದವರು ಅದೇ ಲೆಕ್ಕದಿಂದ ತಮ್ಮ ರೋಗಿಗಳನ್ನು ನೂಕಿದರು. ಎಲ್ಲರೂ ಸಾಯುವುದಕ್ಕಿಂತ ಕೆಲವರು ಬದುಕುವುದು ಮೇಲು ಎಂಬುದೇ ಆ ಲೆಕ್ಕ. ಅಂಕಗಣಿತವಾಗಿ ನೋಡಿದರೆ ಇದರಲ್ಲಿ ತಪ್ಪು ಕಾಣದು. ಆ ಹದಿನೈದು ಮಂದಿ ಬದುಕಿಯೂ ಬಂದರು. ಆದರೆ ನೂಕಲ್ಪಟ್ಟವರು ಸಂಖ್ಯೆಗಳಲ್ಲ. ಅವರು ಹಿಂದಿನ ರಾತ್ರಿಯವರೆಗೂ ಅದೇ ಹಲಗೆಯ ಮೇಲೆ ಮಲಗಿ, ಅದೇ ಪೀಪಾಯಿಯಿಂದ ಕುಡಿದಿದ್ದವರು. ಯಾವ ತಪ್ಪನ್ನೂ ಮಾಡದ ಒಬ್ಬನ ಪ್ರಾಣವನ್ನು ಮತ್ತೊಬ್ಬನ ಪ್ರಾಣದ ಬೆಲೆಯಾಗಿ ತೆರುವ ಅಧಿಕಾರ ಯಾರಿಗೂ ಇಲ್ಲ. ಸಾಯುತ್ತಿರುವವನು ಇನ್ನೂ ಸತ್ತಿಲ್ಲ. ಅವನ ಪಾಲಿನ ಆ ಒಂದು ಗುಟುಕು ಅವನದೇ. ಅದನ್ನು ಕಸಿದುಕೊಳ್ಳುವುದಕ್ಕೆ ಹಸಿವು ಕಾರಣವಾಗಬಹುದೇ ಹೊರತು ಹಕ್ಕಾಗಲಾರದು. ಹೀಗೆಂದು ಬರೆಯುವಾಗಲೂ ಆ ಹದಿನೈದು ಮಂದಿಯನ್ನು ದಡದಲ್ಲಿ ಕುಳಿತು ಶಪಿಸುವುದು ನಮ್ಮಿಂದಾಗದು. ಕೃತ್ಯವು ತಪ್ಪೆಂದು ಹೇಳುವುದು ಒಂದು. ಅದನ್ನು ಮಾಡಿದವರ ನೋವಿಗೆ ಕುರುಡಾಗುವುದು ಮತ್ತೊಂದು. ಹಸಿವಿನಿಂದಲೂ ಹತಾಶೆಯಿಂದಲೂ ಬುದ್ಧಿ ಕದಡಿದವರ ಹೊಣೆ, ತುಂಬಿದ ಹೊಟ್ಟೆಯವರ ಹೊಣೆಯಷ್ಟೇ ಎಂದು ತೂಗಲಾಗದು.

ಇಲ್ಲಿ ಮತ್ತೊಂದನ್ನು ಗಮನಿಸಬೇಕು. ಕೈಬಿಡುವಿಕೆ ಎಂಬುದು ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ. ಮೇಲಿನಿಂದ ಕೆಳಕ್ಕೆ ಇಳಿಯುತ್ತ ಹೋಗುತ್ತದೆ. ಬಲವಂತನು ದುರ್ಬಲನನ್ನು ಬಿಟ್ಟಾಗ, ಆ ದುರ್ಬಲನು ತನಗಿಂತ ದುರ್ಬಲನನ್ನು ಬಿಡುತ್ತಾನೆ. ತೆಪ್ಪದಲ್ಲಿ ಹರಿದ ರಕ್ತದ ಮೊದಲ ಹೊಣೆಯನ್ನು ದೂರ ಸಾಗಿಹೋದ ದೋಣಿಗಳಲ್ಲಿ ಹುಡುಕಬೇಕಾದದ್ದು ಇದರಿಂದಲೇ.

ಮೂರು ಪ್ರಶ್ನೆಗಳು

ಹಾಗಾದರೆ ಅನಿವಾರ್ಯತೆ ಎಂಬುದು ಇಲ್ಲವೇ ಇಲ್ಲವೇ? ಇದೆ. ಈಜುಬಾರದವನು ಮುಳುಗುವವನನ್ನು ಎತ್ತಲಾರ. ಒಬ್ಬ ವೈದ್ಯನು ಒಂದೇ ಸಮಯದಲ್ಲಿ ಇಬ್ಬರು ರೋಗಿಗಳ ಬಳಿ ಇರಲಾರ. ಶಕ್ತಿಗೆ ಮೀರಿದ್ದನ್ನು ಮಾಡದವನನ್ನು ಯಾರೂ ದೂರಲಾರರು. ಆದುದರಿಂದ ಒಬ್ಬನು ಇನ್ನೊಬ್ಬನನ್ನು ಕೈಬಿಟ್ಟದ್ದು ನಿಜವಾಗಿ ಅನಿವಾರ್ಯವಾಗಿತ್ತೇ ಎಂದು ತಿಳಿಯಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬಹುದು. ಮೊದಲನೆಯದು: ಅಲ್ಲಿ ಕೊಟ್ಟ ಮಾತೊಂದು ಇತ್ತೇ? ಎರಡನೆಯದು: ಮಾಡಬಹುದಾದ್ದನ್ನೆಲ್ಲ ಮಾಡಿ ನೋಡಲಾಗಿತ್ತೇ? ಮೂರನೆಯದು: ಅಪಾಯ ಕಳೆದ ಮೇಲೆ ಕೈಬಿಟ್ಟವನು ಏನು ಮಾಡಿದನು?

ಮೆಡೂಸಾದ ವಿಷಯದಲ್ಲಿ ಮೊದಲ ಎರಡು ಪ್ರಶ್ನೆಗಳಿಗೆ ಉತ್ತರ ಈಗಾಗಲೇ ದೊರೆತಿದೆ. ಮಾತು ಇತ್ತು. ಮಾಡಬಹುದಾದದ್ದು ಬಹಳಷ್ಟು ಉಳಿದಿತ್ತು. ಕೆಲವು ದೋಣಿಗಳಲ್ಲಿ ಇನ್ನಷ್ಟು ಜನರಿಗೆ ಸ್ಥಳವಿತ್ತೆಂದು ಬದುಕುಳಿದವರು ಬರೆದಿದ್ದಾರೆ. ಮೂರನೆಯ ಪ್ರಶ್ನೆ ಹೆಚ್ಚು ಸೂಕ್ಷ್ಮವಾದದ್ದು. ಭಯದ ಗಳಿಗೆಯಲ್ಲಿ ಮನುಷ್ಯನು ಎಡವಬಹುದು. ಆದರೆ ಭಯ ಕಳೆದ ಮೇಲಿನ ಅವನ ನಡತೆ, ಆ ಗಳಿಗೆಯಲ್ಲಿ ಅವನ ಹೃದಯ ಎಲ್ಲಿತ್ತೆಂಬುದನ್ನು ತೋರಿಸಿಕೊಡುತ್ತದೆ. ನಿಜವಾಗಿ ಅಸಹಾಯಕನಾಗಿ ಕೈಬಿಟ್ಟವನು ಕೈಗೆ ಶಕ್ತಿ ಬಂದ ಕ್ಷಣವೇ ಹಿಂದಿರುಗಿ ಓಡುತ್ತಾನೆ. ನೆಪ ಹೂಡಿ ಬಿಟ್ಟವನು ಹಿಂದಿರುಗಿ ನೋಡಲು ಹೆದರುತ್ತಾನೆ.

ಗವರ್ನರ್ ಮತ್ತು ಕಪ್ತಾನರ ದೋಣಿಗಳು ಕೆಲವೇ ದಿನಗಳಲ್ಲಿ ಸೆನೆಗಾಲಿನ ಸೇಂಟ್ ಲೂಯಿ ಪಟ್ಟಣವನ್ನು ಸುರಕ್ಷಿತವಾಗಿ ಮುಟ್ಟಿದವು. ಜೊತೆಯ ಹಡಗುಗಳಲ್ಲಿ ಒಂದಾದ 'ಆರ್ಗಸ್' ನೆರವಿಗೆ ಹೊರಟಿತು ಎಂಬುದನ್ನು ನ್ಯಾಯವಾಗಿ ಹೇಳಲೇಬೇಕು. ಜುಲೈ 17ರಂದು ಅದು ತೆಪ್ಪವನ್ನು ಕಂಡು 15 ಮಂದಿಯನ್ನು ಎತ್ತಿಕೊಂಡಿತು. ಅವರಲ್ಲಿ ಕೆಲವರು ದಡ ಸೇರಿದ ಬಳಿಕ ತೀರಿಕೊಂಡರು. ಆದರೆ ಒಡೆದ ಹಡಗಿನಲ್ಲೇ ಉಳಿದಿದ್ದ 17 ಮಂದಿಯ ಗತಿ? ಅಲ್ಲಿಗೆ ಹೊರಟ ನೌಕೆಯ ಒಂದು ಉದ್ದೇಶ ಮೆಡೂಸಾದಲ್ಲಿದ್ದ ಹಣವನ್ನು ತರುವುದಾಗಿತ್ತೆಂದು ದಾಖಲೆಗಳು ಹೇಳುತ್ತವೆ. ಆ ನೌಕೆ ಎರಡು ಬಾರಿ ಅರ್ಧದಾರಿಯಿಂದ ಹಿಂದಿರುಗಿತು. ಕೊನೆಗೆ ಅದು ಹಡಗನ್ನು ಮುಟ್ಟುವಾಗ ಐವತ್ತಕ್ಕೂ ಹೆಚ್ಚು ದಿನಗಳು ಕಳೆದಿದ್ದವು. ಜೀವದಿಂದಿದ್ದವರು ಮೂವರು. ಮೂರನೆಯ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಾಗಿಲ್ಲ.

ನ್ಯಾಯಾಲಯ ಹೇಳಿದ್ದು, ಹೇಳದೆ ಬಿಟ್ಟದ್ದು

1817ರಲ್ಲಿ ರೋಶ್‌ಫೋರ್ ಬಂದರಿನಲ್ಲಿ ಸೈನಿಕ ನ್ಯಾಯಮಂಡಳಿ ಶೋಮಾರೆಯ ವಿಚಾರಣೆ ನಡೆಸಿತು. ಅವನ ಮೇಲೆ ಐದು ಆರೋಪಗಳಿದ್ದವು. ಹಡಗನ್ನು ಅಜಾಗರೂಕತೆಯಿಂದ ನಡೆಸಿದ್ದು ಹಾಗೂ ಎಲ್ಲರೂ ಇಳಿಯುವ ಮೊದಲೇ ಹಡಗನ್ನು ತೊರೆದದ್ದು ಈ ಎರಡರಲ್ಲಿ ಅವನು ತಪ್ಪಿತಸ್ಥನೆಂದು ತೀರ್ಮಾನವಾಯಿತು. ಮರಣದಂಡನೆಗೂ ಅವಕಾಶವಿದ್ದ ಅಪರಾಧಕ್ಕೆ ಮೂರು ವರ್ಷಗಳ ಸೆರೆವಾಸ ವಿಧಿಸಲಾಯಿತು. ಅವನನ್ನು ದೋಷಮುಕ್ತನೆಂದು ಬಿಟ್ಟ ಆರೋಪಗಳಲ್ಲಿ ಒಂದು ಯಾವುದು ಗೊತ್ತೇ? ತೆಪ್ಪವನ್ನು ಕೈಬಿಟ್ಟದ್ದು!

ಇದನ್ನು ಓದಿದಾಗ ಮನಸ್ಸು ಕ್ಷಣಕಾಲ ಮಂಕಾಗುತ್ತದೆ. ಮರಳಿನಲ್ಲಿ ಹೂತ ಹಡಗಿಗೆ ನ್ಯಾಯವಿದೆ. ನೀರಿನಲ್ಲಿ ನಿಂತಿದ್ದ 147 ಮನುಷ್ಯರಿಗೆ ಇಲ್ಲ. ಕಾನೂನಿಗೆ ಅದರದೇ ಆದ ಮಿತಿಗಳುಂಟು. ಹಗ್ಗವನ್ನು ಬಿಟ್ಟದ್ದು ಯಾರ ಕೈ, ಯಾವ ಆದೇಶದಿಂದ, ಯಾವ ಕ್ಷಣದಲ್ಲಿ ಎಂಬುದನ್ನು ಸಾಕ್ಷ್ಯಸಹಿತ ತೋರಿಸದೆ ಅದು ದಂಡಿಸಲಾರದು. ಅನೇಕ ಕೈಗಳು ಸೇರಿ ಮಾಡಿದ ತಪ್ಪಿನಲ್ಲಿ ಪ್ರತಿಯೊಂದು ಕೈಯೂ ಇನ್ನೊಂದರ ಹಿಂದೆ ಅಡಗುತ್ತದೆ. ಆದುದರಿಂದಲೇ ನ್ಯಾಯಾಲಯವು ಬಿಡುಗಡೆ ಮಾಡಿದ ಮಾತ್ರಕ್ಕೆ ಮನಸ್ಸಾಕ್ಷಿಯೂ ಬಿಡುಗಡೆ ಮಾಡಿತೆಂದು ತಿಳಿಯಬಾರದು. ಮನುಷ್ಯನು ಇನ್ನೊಬ್ಬನಿಗೆ ಮಾಡುವ ಅತ್ಯಂತ ಆಳವಾದ ಅನ್ಯಾಯಗಳಲ್ಲಿ ಹಲವು ಯಾವ ದಂಡಸಂಹಿತೆಯ ಕಲಮಿನಲ್ಲಿಯೂ ಇರುವುದಿಲ್ಲ.

ನುಡಿದವರು

ಈ ಕತೆ ಇಂದು ನಮಗೆ ತಿಳಿದಿರುವುದು ಬದುಕುಳಿದವರ ಕಾರಣದಿಂದ. ತೆಪ್ಪದಲ್ಲಿದ್ದ ಶಸ್ತ್ರವೈದ್ಯ ಸಾವಿನ್ಯಿ ಬರೆದ ವರದಿ 1816ರ ಸೆಪ್ಟೆಂಬರಿನಲ್ಲಿ ಪ್ಯಾರಿಸ್ಸಿನ ಪತ್ರಿಕೆಯೊಂದರಲ್ಲಿ ಹೊರಬಿತ್ತು. ಸರ್ಕಾರಕ್ಕೆ ಮುಜುಗರವಾಯಿತು. 1817ರಲ್ಲಿ ಸಾವಿನ್ಯಿಯೂ ಕೊರೆಯಾರ್ ಎಂಬ ಇನ್ನೊಬ್ಬ ಬದುಕುಳಿದವನೂ ಸೇರಿ ಇಡೀ ಘಟನೆಯನ್ನು ಪುಸ್ತಕವಾಗಿ ಪ್ರಕಟಿಸಿದರು. ದೋಣಿಯವರ ದ್ರೋಹವನ್ನು ಮಾತ್ರ ಬರೆದು, ತಮ್ಮ ಕೈಯ ಕಲೆಯನ್ನು ಅವರು ಮರೆಮಾಚಬಹುದಾಗಿತ್ತು. ದುರ್ಬಲರನ್ನು ನೂಕಿದ ನಿರ್ಧಾರವನ್ನು ಹೇಳುವಂತೆ ಅವರನ್ನು ಒತ್ತಾಯಿಸಬಲ್ಲ ಸತ್ತವರಾರೂ ಎದ್ದು ಬರುವಂತಿರಲಿಲ್ಲ. ಆದರೂ ಅವರು ಅದನ್ನು ಬರೆದರು. ತಮ್ಮ ಕೃತ್ಯಕ್ಕೆ ಸಮರ್ಥನೆಯನ್ನೂ ಕೊಟ್ಟರು, ನಿಜ. ಆದರೆ ಸಂಗತಿಯನ್ನು ಲೋಕದ ಮುಂದೆ ಇಟ್ಟರು.

ನಮ್ಮ ಮೂರನೆಯ ಪ್ರಶ್ನೆಯನ್ನು ಇವರಿಗೂ ಹಾಕಬಹುದು: ಅಪಾಯ ಕಳೆದ ಮೇಲೆ ಏನು ಮಾಡಿದರು? ಸತ್ತವರನ್ನು ಹಿಂದಿರುಗಿಸಲು ಅವರಿಂದಾಗಲಿಲ್ಲ. ಆದರೆ ಸತ್ತವರು ಹೇಗೆ ಸತ್ತರೆಂಬ ಸತ್ಯವನ್ನು ಮುಳುಗಗೊಡಲಿಲ್ಲ. ಕೈಬಿಟ್ಟವನಿಗೆ ಉಳಿಯುವ ಪ್ರಾಯಶ್ಚಿತ್ತದ ಮೊದಲ ಮೆಟ್ಟಿಲು ಇದೇ ಇರಬೇಕು.

ಅವರ ಬಾಯಿಂದಲೇ ಕತೆ ಕೇಳಿ, ತೆಪ್ಪದ ಮಾದರಿಯನ್ನು ಮಾಡಿಸಿ, ಥಿಯೊಡೋರ್ ಜೆರಿಕೋ ಎಂಬ ಯುವ ಚಿತ್ರಕಾರನು ರಚಿಸಿದ ಬೃಹತ್ ಚಿತ್ರವು 1819ರಲ್ಲಿ ಪ್ಯಾರಿಸ್ಸಿನ ಕಲಾಪ್ರದರ್ಶನದಲ್ಲಿ ಜನರ ಮುಂದೆ ಬಂದಿತು. ಸುಮಾರು ಐದು ಮೀಟರ್ ಎತ್ತರ, ಏಳು ಮೀಟರ್ ಅಗಲದ ಆ ಚಿತ್ರ ಈಗ ಲೂವ್ರ್ ವಸ್ತುಸಂಗ್ರಹಾಲಯದಲ್ಲಿದೆ. ಚಿತ್ರದಲ್ಲಿ ಗವರ್ನರನಿಲ್ಲ, ಕಪ್ತಾನನಿಲ್ಲ, ದೋಣಿಗಳಿಲ್ಲ. ಹೆಣಗಳ ನಡುವೆ ಸತ್ತ ಯುವಕನೊಬ್ಬನ ದೇಹವನ್ನು ಹಿಡಿದು ಕುಳಿತ ಮುದುಕನಿದ್ದಾನೆ. ಎಲ್ಲರಿಗಿಂತ ಮೇಲೆ, ಪೀಪಾಯಿಯ ಮೇಲೇರಿ, ದಿಗಂತದ ಚುಕ್ಕೆಯಂಥ ಹಡಗಿನತ್ತ ಬಟ್ಟೆ ಬೀಸುತ್ತಿರುವವನು ಒಬ್ಬ ಕಪ್ಪು ವರ್ಣದ ಮನುಷ್ಯ. ಕೈಬಿಡಲ್ಪಟ್ಟವರಲ್ಲೂ ಕೆಳಗಿನವನೆಂದು ಲೋಕ ಎಣಿಸಿದವನನ್ನೇ ಕಲಾವಿದನು ಶಿಖರದಲ್ಲಿ ನಿಲ್ಲಿಸಿದನು. ಉಳಿದವರು ಅವನನ್ನು ಕೆಳಗಿನಿಂದ ಎತ್ತಿಹಿಡಿದಿದ್ದಾರೆ.

ನಮ್ಮ ಕೈಯಲ್ಲಿರುವ ಹಗ್ಗ

ಹಡಗು, ತೆಪ್ಪ, ಕಡಲು ನಮ್ಮಲ್ಲಿ ಹೆಚ್ಚಿನವರ ಬಾಳಿಗೆ ದೂರವಾದವು. ಆದರೆ ಹಗ್ಗವು ದೂರವಾದದ್ದಲ್ಲ. ನಮ್ಮ ಮಾತನ್ನು ನಂಬಿ ತಮ್ಮ ಬಾಳನ್ನು ನಮಗೆ ಕಟ್ಟಿಕೊಂಡವರು ಪ್ರತಿಯೊಂದು ಮನೆಯಲ್ಲೂ ಇದ್ದಾರೆ. ಹಾಸಿಗೆ ಹಿಡಿದ ತಾಯಿ, ಬುದ್ಧಿ ಬೆಳೆಯದ ಮಗು, ಕುಡಿತದ ಚಟಕ್ಕೆ ಬಿದ್ದ ತಮ್ಮ, ಗಂಡನನ್ನು ಕಳೆದುಕೊಂಡ ಸೊಸೆ, ಮುಪ್ಪಿನವರೆಗೂ ನಮ್ಮಲ್ಲಿ ದುಡಿದ ಆಳು. ಇವರನ್ನು ಎಳೆದೊಯ್ಯುವಾಗ ನಮ್ಮ ದೋಣಿ ನಿಧಾನವಾಗುತ್ತದೆ ಎಂಬುದು ಸುಳ್ಳಲ್ಲ. ತೋಳು ನೋಯುತ್ತದೆ, ಬೇಸರ ಬರುತ್ತದೆ, ನೆರೆಹೊರೆಯ ದೋಣಿಗಳು ಮುಂದೆ ಸಾಗಿಹೋದದ್ದು ಕಾಣುತ್ತದೆ. ಹಗ್ಗವನ್ನು ಯಾರೂ ಒಮ್ಮೆಗೇ ಕತ್ತರಿಸುವುದಿಲ್ಲ. ಒಂದು ಭೇಟಿ ತಪ್ಪುತ್ತದೆ, ಒಂದು ಪತ್ರಕ್ಕೆ ಉತ್ತರ ಹೋಗುವುದಿಲ್ಲ, ಒಂದು ತಿಂಗಳ ಹಣ ಮುಂದಿನ ತಿಂಗಳಿಗೆ ನಿಲ್ಲುತ್ತದೆ. ಕೊನೆಗೊಂದು ದಿನ, ಹಗ್ಗವು ತಾನಾಗಿಯೇ ಹರಿದುಹೋಯಿತೆಂದು ನಾವೂ ಹೇಳತೊಡಗುತ್ತೇವೆ.

ಒಬ್ಬರ ತೋಳಿಗೆ ಭಾರವಾದದ್ದು ಹಲವರ ತೋಳಿಗೆ ಭಾರವಾಗಬೇಕಿಲ್ಲ. ಅಂದು ಆರೂ ದೋಣಿಗಳು ಒಗ್ಗಟ್ಟಿನಿಂದ ನಿಂತಿದ್ದರೆ, ಕನಿಷ್ಠ ಸರದಿಯಂತೆ ಜನರನ್ನು ದಡಕ್ಕೆ ಸಾಗಿಸಿದ್ದರೆ, ಎಷ್ಟೋ ಮಂದಿ ಉಳಿಯುತ್ತಿದ್ದರು. ಒಂದು ದೋಣಿ ಬಿಟ್ಟಿತೆಂದು ಮತ್ತೊಂದು, ಮತ್ತೊಂದು ಬಿಟ್ಟಿತೆಂದು ಮಗದೊಂದು ಬಿಟ್ಟದ್ದರಿಂದ ಕೊನೆಯ ದೋಣಿಗೆ ಹೊರೆ ನಿಜವಾಗಿಯೂ ಮೀರಿತ್ತು. ಒಬ್ಬಳೇ ಮಗಳ ಮೇಲೆ, ಒಬ್ಬನೇ ಅಣ್ಣನ ಮೇಲೆ ಎಲ್ಲ ಹೊರೆಯನ್ನೂ ಹಾಕಿ ಇತರರು ದೂರ ನಿಂತ ಮನೆಗಳಲ್ಲಿ ನಡೆಯುವುದೂ ಇದೇ ಅಲ್ಲವೇ? ಕೊನೆಯ ಹಗ್ಗವನ್ನು ಬಿಟ್ಟವನನ್ನು ದೂರುವ ಮೊದಲು, ಮೊದಲ ಹಗ್ಗವನ್ನು ಬಿಟ್ಟವರು ಯಾರೆಂದು ಕೇಳಿಕೊಳ್ಳುವುದು ನ್ಯಾಯ.

ಮೆಡೂಸಾದ ಅವಶೇಷಗಳನ್ನು 1980ರಲ್ಲಿ ಫ್ರೆಂಚ್ ಶೋಧಕರ ತಂಡವೊಂದು ಆರ್ಗ್ವೆನ್ ಮರಳದಿಬ್ಬದಲ್ಲಿ ಪತ್ತೆಹಚ್ಚಿತು. ಕಪ್ತಾನನೂ ಗವರ್ನರನೂ ಮಣ್ಣಾಗಿ ಎಷ್ಟೋ ಕಾಲವಾಯಿತು. ಅವರಿಗಿದ್ದ ಮರಳಿ ಹೋಗುವ ಅವಕಾಶ ಮುಗಿದಿದೆ. ನಮಗೆ ಅದು ಇನ್ನೂ ಉಂಟು. ನಾವು ಹಿಂದೆ ಬಿಟ್ಟುಬಂದ ತೆಪ್ಪದ ಮೇಲೆ ಇನ್ನೂ ಯಾರಾದರೂ ಜೀವದಿಂದ ಇರಬಹುದು. ಅವರು ನಮ್ಮನ್ನು ಶಪಿಸುತ್ತಿರಲಿಕ್ಕಿಲ್ಲ, ಬಟ್ಟೆ ಬೀಸುತ್ತಿರಬಹುದು. ಎಸ್ಪಿಯೋ ಮಾಡಿದಂತೆ ದೋಣಿಯನ್ನು ತಿರುಗಿಸುವುದಕ್ಕೆ ಬೇಕಾದುದು ವೀರತನಕ್ಕಿಂತ ಹೆಚ್ಚಾಗಿ, ಕೊಟ್ಟ ಮಾತಿನ ನೆನಪು.